ಕಲಹದ ನಡುವೆ ದೇವರ ಚಿತ್ತಕ್ಕೆ ಒಪ್ಪಿಸಿಕೊಳ್ಳುವುದು ಹೇಗೆ?

ಪ್ರಶ್ನೆ:
ತಂದೆಯವರ ಆಸ್ತಿಯ ವಿಷಯದಲ್ಲಿ ಅಣ್ಣನೊಂದಿಗೆ ಮಾತು ನಿಂತುಹೋಗಿದೆ. ದಾವೆ ಹೂಡಬೇಕೋ ಸುಮ್ಮನಿರಬೇಕೋ ತಿಳಿಯದೆ ದಿನವೂ ಪ್ರಾರ್ಥಿಸುತ್ತಿದ್ದೇನೆ. ಆದರೆ ‘ನಿನ್ನ ಚಿತ್ತದಂತಾಗಲಿ’ ಎನ್ನುವಾಗಲೆಲ್ಲ ಇದು ವಿಶ್ವಾಸವೋ, ನಿರ್ಧಾರದಿಂದ ತಪ್ಪಿಸಿಕೊಳ್ಳುವ ದಾರಿಯೋ ಎಂಬ ಸಂಶಯ ಕಾಡುತ್ತದೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1:
ಬೈಬಲಿನಲ್ಲಿ ಬರುವ ಯೆಹೂದ ರಾಜ್ಯದ ಅರಸ ಹಿಜ್ಕೀಯನನ್ನು ನೆನೆಯಿರಿ. ಕ್ರಿ.ಪೂ. 701ರ ಸುಮಾರಿಗೆ ಅಶ್ಶೂರದ ಸೈನ್ಯವು ಯೆಹೂದದ ಮೇಲೆ ದಂಡೆತ್ತಿ ಬಂದಾಗ, ಅವನು ಶತ್ರುವಿನ ಬೆದರಿಕೆಯ ಪತ್ರವನ್ನು ಓದಿ, ದೇವಾಲಯಕ್ಕೆ ಹೋಗಿ, ಅದನ್ನು ದೇವರ ಮುಂದೆ ಬಿಚ್ಚಿಟ್ಟು ಪ್ರಾರ್ಥಿಸಿದನು. ಅದೇ ಅರಸನು ಯೆರೂಸಲೇಮಿನೊಳಕ್ಕೆ ನೀರು ತರಲು ಕಾಲುವೆಯನ್ನೂ ಮಾಡಿಸಿದ್ದನು; ಅವನದೆಂದು ಹೇಳಲಾಗುವ, ಬಂಡೆಯಲ್ಲಿ ಕೊರೆದ ಸುಮಾರು 530 ಮೀಟರ್ ಉದ್ದದ ಸುರಂಗದಲ್ಲಿ ಇಂದಿಗೂ ನೀರು ಹರಿಯುತ್ತದೆ. ಅವನ ಪ್ರಾರ್ಥನೆ ಕೆಲಸವನ್ನು ನಿಲ್ಲಿಸಲಿಲ್ಲ. ಆದ್ದರಿಂದ ಕಾಗದಪತ್ರಗಳನ್ನು ವಕೀಲರಿಗೆ ತೋರಿಸುವುದು ಅವಿಶ್ವಾಸವೆಂದು ನನಗನ್ನಿಸುವುದಿಲ್ಲ.

ಉತ್ತರ 2:
ಮೇಲಿನ ಮಾತು ಸರಿ. ಆದರೂ ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಮೊದಲು ತನ್ನ ಕೋರಿಕೆಯನ್ನು ತಂದೆಯಾದ ದೇವರಿಗೆ ಮುಚ್ಚುಮರೆಯಿಲ್ಲದೆ ಹೇಳಿ, ಆಮೇಲೆ ತನ್ನನ್ನು ಒಪ್ಪಿಸಿಕೊಟ್ಟನೆಂಬುದನ್ನು ಮರೆಯಬೇಡಿ. ನಿಮಗೆ ಬೇಕಿರುವುದು ಜಮೀನೋ, ಅಣ್ಣನ ಕ್ಷಮೆಯೋ, ಅದನ್ನೇ ನೇರವಾಗಿ ಕೇಳಿಕೊಳ್ಳಿ.

ಉತ್ತರ 3:
ದಾವೆಗೆ ಮುನ್ನ ಇಬ್ಬರೂ ಗೌರವಿಸುವ ಹಿರಿಯರೊಬ್ಬರನ್ನು ಕೂರಿಸಿಕೊಂಡು ಅಣ್ಣನವರೊಂದಿಗೆ ಒಮ್ಮೆ ಮಾತಾಡಿ. ನಿಮ್ಮಿಬ್ಬರಿಗಾಗಿಯೂ ಪ್ರಾರ್ಥಿಸುತ್ತೇನೆ.