8 ಪಾಯಿಂಟ್‌ನವರು ಒಳಗೆ, 11 ಪಾಯಿಂಟ್‌ನವರು ಹೊರಗೆ: ಅರ್ಹತಾ ಸುತ್ತಿನ ಲೆಕ್ಕ ಯಾರಾದರೂ ಹೇಳಿಕೊಡಿ

ನೋಟ್‌ಬುಕ್_ಅಮ್ಮ:

ಎಲ್ಲರಿಗೂ ನಮಸ್ಕಾರ. ನಾನು ಇಷ್ಟು ದಿನ ಫುಟ್‌ಬಾಲ್ ವಿಶ್ವಕಪ್ ಮಾತ್ರ ನೋಡುತ್ತಿದ್ದವಳು. ನಾಲ್ಕು ವರ್ಷಕ್ಕೊಮ್ಮೆ ಒಂದು ತಿಂಗಳು ಕೂತು ನೋಡಿ ಆಮೇಲೆ ಮರೆತುಬಿಡುತ್ತಿದ್ದೆ. ಈಗ ಹನ್ನೊಂದು ವರ್ಷದ ಮಗನ ಜೊತೆ, ವಿಶ್ವಕಪ್‌ಗೆ ಯಾರು ಹೋಗಬೇಕು ಎಂದು ತೀರ್ಮಾನಿಸುವ ಅರ್ಹತಾ ಸುತ್ತನ್ನೂ ನೋಡುತ್ತಿದ್ದೇನೆ. ಅವನ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಸ್ಕೇಲ್ ಇಟ್ಟು ಗೆರೆ ಎಳೆದು ಪ್ರತಿ ಗುಂಪಿನ ಪಟ್ಟಿ ಬರೆಯುತ್ತಾನೆ. ಹಳೆಯ ಟೂರ್ನಿಗಳದ್ದನ್ನೂ ಹುಡುಕಿ ಬರೆದಿಟ್ಟಿದ್ದಾನೆ.

2025ರ ನವೆಂಬರ್ 19ರ ಬೆಳಿಗ್ಗೆ ಇಬ್ಬರೂ ಎದ್ದು ಜಮೈಕಾ–ಕುರಸಾವೊ ಪಂದ್ಯ ನೋಡಿದೆವು. ಕುರಸಾವೊಗೆ ಡ್ರಾ ಸಾಕಿತ್ತು, ಜಮೈಕಾಗೆ ಗೆಲ್ಲಲೇಬೇಕಿತ್ತು. ಜಮೈಕಾದವರ ಚೆಂಡು ಮೂರು ಸಲ ಗೋಲ್ ಕಂಬಕ್ಕೆ ಬಡಿದು ವಾಪಸ್ ಬಂತು. 90 ನಿಮಿಷ ದಾಟಿದ ಮೇಲೆ ರೆಫ್ರಿ ಅವರಿಗೆ ಪೆನಾಲ್ಟಿ ಕೊಟ್ಟರು. ಆಮೇಲೆ ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಪರದೆ ನೋಡಿ ರದ್ದು ಮಾಡಿದರು. ಅಷ್ಟು ಹೊತ್ತು ಮಗ ನನ್ನ ಕೈ ಹಿಡಿದುಕೊಂಡೇ ಇದ್ದ. 0-0. ಸುಮಾರು ಒಂದೂವರೆ ಲಕ್ಷ ಜನ ಇರುವ ದ್ವೀಪ ವಿಶ್ವಕಪ್‌ಗೆ ಹೋಯಿತು. ವಿಶ್ವಕಪ್‌ನಲ್ಲೂ ನನಗೆ ಎದೆ ಹಾಗೆ ಹೊಡೆದುಕೊಂಡಿದ್ದಿಲ್ಲ.

ಈಗ ನನ್ನ ಸಮಸ್ಯೆ. ಅವನ ನೋಟ್‌ಬುಕ್‌ನಲ್ಲಿ ಯೂರೋ 2024ರ (ಯುರೋಪ್ ದೇಶಗಳ ಟೂರ್ನಿ) ಅರ್ಹತಾ ಗುಂಪು ಒಂದಿದೆ. ಸ್ಪೇನ್ 21, ಸ್ಕಾಟ್ಲೆಂಡ್ 17, ನಾರ್ವೆ 11, ಜಾರ್ಜಿಯಾ 8, ಸೈಪ್ರಸ್ 0. ಮೊದಲ ಎರಡು ತಂಡ ಹೋಗುತ್ತವೆ, ಅದು ಸರಿ. ಆದರೆ ನಾಲ್ಕನೆಯ ಜಾರ್ಜಿಯಾ ಹೇಗೆ ಹೋಯಿತು? ಮೂರನೆಯ ನಾರ್ವೆ ಯಾಕೆ ಹೋಗಲಿಲ್ಲ? "ಅಮ್ಮ, ಇದು ತಪ್ಪಲ್ವಾ?" ಎಂದು ಕೇಳುತ್ತಾನೆ. ನನಗೆ ಉತ್ತರ ಗೊತ್ತಿಲ್ಲ. ಪಾಯಿಂಟ್ ಸಮ ಆದಾಗ ಒಂದೊಂದು ಕಡೆ ಒಂದೊಂದು ನಿಯಮ ಇದ್ದ ಹಾಗೆ ಕಾಣುತ್ತದೆ, ಅದನ್ನೂ ಹೇಳಿ. ಇಷ್ಟೊಂದು ಪಂದ್ಯಗಳಲ್ಲಿ ಯಾವುದನ್ನು ನೋಡಬೇಕು?

ಹಳೇ_ಸ್ಕೋರ್‌ಶೀಟ್:

ನಿಮ್ಮ ಮಗ ಸರಿಯಾದ ಜಾಗದಲ್ಲೇ ಕೈ ಇಟ್ಟಿದ್ದಾನೆ. ಮೊದಲು ಜಾರ್ಜಿಯಾ ಕಥೆ ಮುಗಿಸುತ್ತೇನೆ.

ಯೂರೋ 2024ಕ್ಕೆ 24 ತಂಡ. ಆತಿಥೇಯ ಜರ್ಮನಿ ಒಂದು. ಹತ್ತು ಗುಂಪಿನಿಂದ ಎರಡೆರಡು ತಂಡ, ಅಲ್ಲಿಗೆ 21. ಉಳಿದ ಮೂರು ಸೀಟು ಪ್ಲೇಆಫ್‌ಗೆ, ಅಂದರೆ ನೇರವಾಗಿ ಹೋಗದ ಕೆಲವು ತಂಡಗಳು ಆಡುವ ಕೊನೆಯ ಅವಕಾಶದ ಪಂದ್ಯಗಳಿಗೆ. ಪ್ಲೇಆಫ್‌ಗೆ ಯಾರು ಹೋಗಬೇಕು ಅನ್ನುವುದನ್ನು ಈ ಗುಂಪುಗಳ ಪಟ್ಟಿ ನೋಡಿ ತೀರ್ಮಾನ ಮಾಡಲಿಲ್ಲ. ಅದಕ್ಕೂ ಮೊದಲು ನಡೆದ ನೇಷನ್ಸ್ ಲೀಗ್ ಎಂಬ ಯುರೋಪಿನದೇ ಇನ್ನೊಂದು ಟೂರ್ನಿ ನೋಡಿ ಮಾಡಿದರು. ಅಲ್ಲಿ ತಂಡಗಳನ್ನು ಬಲದ ಪ್ರಕಾರ ಎ, ಬಿ, ಸಿ, ಡಿ ಎಂದು ಹಂಚಿರುತ್ತಾರೆ. ಜಾರ್ಜಿಯಾ ಸಿ ಲೀಗ್‌ನಲ್ಲಿ ತನ್ನ ಗುಂಪು ಗೆದ್ದಿತ್ತು. ನಾರ್ವೆ ಬಿ ಲೀಗ್‌ನಲ್ಲಿತ್ತು. ಕೊನೆಯ ಪಂದ್ಯದಲ್ಲಿ ಓಸ್ಲೋದಲ್ಲೇ ಸರ್ಬಿಯಾಗೆ 0-2 ಸೋತು ಎರಡನೆಯ ಸ್ಥಾನಕ್ಕೆ ಇಳಿಯಿತು. ಅದಕ್ಕೆ ಪ್ಲೇಆಫ್‌ನಲ್ಲಿ ಜಾಗ ಸಿಗಲಿಲ್ಲ. ಅಂದರೆ ನಾರ್ವೆ ಸೋತಿದ್ದು ಮಗ ಬರೆದಿಟ್ಟ ಪುಟದಲ್ಲಿ ಮಾತ್ರ ಅಲ್ಲ. ಅದಕ್ಕೂ ಮುಂಚಿನ, ಅವನು ಬರೆಯದ ಇನ್ನೊಂದು ಪುಟದಲ್ಲಿ. ಆ ಪುಟವನ್ನೂ ಬರೆಯಲು ಹೇಳಿ, ಎಲ್ಲ ಕೂಡಿಕೊಳ್ಳುತ್ತದೆ.

ಜಾರ್ಜಿಯಾ ಮೇಲೆ ಅವನಿಗೆ ಕೋಪ ಬೇಡ. ಅದೇ ಗುಂಪಿನಲ್ಲಿ ಸ್ವಂತ ನೆಲದಲ್ಲಿ ಸ್ಪೇನ್ ಎದುರು 1-7 ಸೋತ ತಂಡ ಅದು. ಆರು ತಿಂಗಳ ನಂತರ, 2024ರ ಮಾರ್ಚ್ 26ರಂದು, ಟಿಬಿಲಿಸಿಯಲ್ಲಿ ಗ್ರೀಸ್ ವಿರುದ್ಧ ಪೆನಾಲ್ಟಿ ಶೂಟೌಟ್ ಗೆದ್ದು ಮೊದಲ ಸಲ ದೊಡ್ಡ ಟೂರ್ನಿಗೆ ಹೋಯಿತು. ಅಲ್ಲಿ ಪೋರ್ಚುಗಲ್‌ನ ಸೋಲಿಸಿತು. ನಾರ್ವೆ ಕೂಡ ಸುಮ್ಮನೆ ಕೂರಲಿಲ್ಲ. 2026ರ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ ಎಂಟಕ್ಕೆ ಎಂಟೂ ಪಂದ್ಯ ಗೆದ್ದು, ಮಿಲಾನ್‌ಗೆ ಹೋಗಿ ಇಟಲಿಗೆ 4-1 ಹೊಡೆದು, 1998ರ ನಂತರ ವಿಶ್ವಕಪ್‌ಗೆ ಬಂದಿದೆ. ಅವರ ಆಟಗಾರ ಹಾಲಂಡ್ ಒಬ್ಬನೇ 16 ಗೋಲು.

ಪಾಯಿಂಟ್ ಸಮ ಆದಾಗ: ಯೂರೋ ಅರ್ಹತಾ ಸುತ್ತಿನಲ್ಲಿ ಮೊದಲು ಮುಖಾಮುಖಿ ಪಂದ್ಯಗಳನ್ನು ನೋಡುತ್ತಾರೆ. ವಿಶ್ವಕಪ್ ಅರ್ಹತಾ ಗುಂಪಿನಲ್ಲಿ ಮೊದಲು ಗೋಲು ಅಂತರ, ಅಂದರೆ ಹೊಡೆದ ಗೋಲಿನಿಂದ ಬಿಟ್ಟುಕೊಟ್ಟ ಗೋಲು ಕಳೆದರೆ ಉಳಿಯುವುದು. ಇದು ಸಣ್ಣ ವಿಷಯ ಅನ್ನಿಸಬಹುದು. ಅಲ್ಲ. ಗೋಲು ಅಂತರ ಲೆಕ್ಕಕ್ಕೆ ಬಂದರೆ 4-0 ಮುಂದಿರುವ ತಂಡವೂ ಐದನೆಯದಕ್ಕೆ ಓಡುತ್ತದೆ.

ಯಾವುದನ್ನು ನೋಡಬೇಕು ಎಂದು ಕೇಳಿದಿರಿ. ನನ್ನ ಅನುಭವ ಹೇಳುತ್ತೇನೆ. ಎಲ್ಲವನ್ನೂ ನೋಡಬೇಡಿ. ಇನ್ನೂ ಒಂದು ಸಲವೂ ಹೋಗದ ಒಂದು ತಂಡವನ್ನು ಆರಿಸಿಕೊಂಡು ಅದರ ಹಿಂದೆ ಹೋಗಿ. ನಾನು ಇಪ್ಪತ್ತು ವರ್ಷದಿಂದ ಉಜ್ಬೇಕಿಸ್ತಾನದ ಹಿಂದೆ ಇದ್ದೇನೆ.

ಆಗ ನಾನು ಹಾಸ್ಟೆಲ್‌ನಲ್ಲಿದ್ದೆ. 2005ರ ಸೆಪ್ಟೆಂಬರ್. ಪತ್ರಿಕೆಯ ಕ್ರೀಡಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ: ಗೆದ್ದ ತಂಡದ ಪಂದ್ಯವನ್ನೇ ಫಿಫಾ ರದ್ದು ಮಾಡಿದೆ. ತಾಷ್ಕೆಂಟ್‌ನಲ್ಲಿ ಉಜ್ಬೇಕಿಸ್ತಾನ ಬಹ್ರೇನ್ ವಿರುದ್ಧ 1-0 ಗೆದ್ದಿತ್ತು. ಆ ಪಂದ್ಯದಲ್ಲಿ ಅವರಿಗೆ ಒಂದು ಪೆನಾಲ್ಟಿ ಸಿಕ್ಕಿತ್ತು, ಗೋಲೂ ಆಗಿತ್ತು. ಆದರೆ ಒದೆಯುವ ಮೊದಲೇ ಅವರದೇ ಆಟಗಾರ ಒಬ್ಬ ಬಾಕ್ಸ್ ಒಳಗೆ ನುಗ್ಗಿದ್ದ. ನಿಯಮದ ಪ್ರಕಾರ ಪೆನಾಲ್ಟಿ ಮತ್ತೆ ಒದೆಯಬೇಕಿತ್ತು. ರೆಫ್ರಿ ತಪ್ಪಿ ಬಹ್ರೇನ್‌ಗೆ ಫ್ರೀಕಿಕ್ ಕೊಟ್ಟುಬಿಟ್ಟರು. ಉಜ್ಬೇಕಿಸ್ತಾನದವರೇ ದೂರು ಕೊಟ್ಟು, ಪಂದ್ಯವನ್ನು 3-0 ಎಂದು ಬರೆದುಕೊಡಿ ಅಂದರು. ಫಿಫಾ ಇಡೀ ಪಂದ್ಯ ಮತ್ತೆ ಆಡಿ ಅಂದಿತು. ಮತ್ತೆ ಆಡಿದ್ದು 1-1. ಮನಾಮಾದಲ್ಲಿ 0-0. ಎದುರಾಳಿ ನೆಲದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಬಹ್ರೇನ್ ಮುಂದೆ ಹೋಯಿತು. ಗೆದ್ದವರು ಒಂದು ಪಂದ್ಯವನ್ನೂ ಸೋಲದೆ ಹೊರಗೆ ಬಿದ್ದರು. ನನಗೆ ಆ ರಾತ್ರಿ ಓದಲು ಆಗಲಿಲ್ಲ. ಅವತ್ತಿನಿಂದ ಅದು ನನ್ನ ತಂಡ.

2013ರ ಜೂನ್. ಕತಾರ್‌ಗೆ 5-1 ಹೊಡೆದರು. ಅದೇ ಹೊತ್ತಿಗೆ ದಕ್ಷಿಣ ಕೊರಿಯಾ ತನ್ನ ಮನೆಯಲ್ಲಿ ಇರಾನ್‌ಗೆ ಸೋತಿತು. ಇಬ್ಬರಿಗೂ 14 ಪಾಯಿಂಟ್. ಗೋಲು ಅಂತರ ಕೊರಿಯಾಗೆ 6, ನಮಗೆ 5. ಆಮೇಲೆ ಪ್ಲೇಆಫ್‌ನಲ್ಲಿ ಜೋರ್ಡಾನ್ ಜೊತೆ ಎರಡೂ ಪಂದ್ಯ 1-1, ಶೂಟೌಟ್‌ನಲ್ಲಿ 8-9.

2017ರ ಸೆಪ್ಟೆಂಬರ್ 5 ನನಗೆ ಇನ್ನೂ ಕಣ್ಣ ಮುಂದೆ ಇದೆ. ಲ್ಯಾಪ್‌ಟಾಪ್‌ನಲ್ಲಿ ತಾಷ್ಕೆಂಟ್, ಫೋನ್‌ನಲ್ಲಿ ಟೆಹರಾನ್. ಕೊರಿಯಾ ಜೊತೆ 0-0. ಅಲ್ಲಿ ಇರಾನ್ 2-1 ಮುಂದೆ. ಹಾಗೇ ಮುಗಿದಿದ್ದರೆ ಸಿರಿಯಾ ಕೆಳಗೆ ಉಳಿದು, ಮೂರನೆಯ ಸ್ಥಾನದ ಪ್ಲೇಆಫ್ ನಮಗೆ. 93ನೇ ನಿಮಿಷದಲ್ಲಿ ಸಿರಿಯಾದ ಒಮರ್ ಅಲ್ ಸೋಮಾ ಗೋಲು ಹೊಡೆದ. ಫೋನ್ ಕೆಳಗಿಟ್ಟು ಸುಮ್ನೆ ಕೂತೆ. ಸಿರಿಯಾದವರೂ ಯುದ್ಧದ ಕಾರಣ ಸ್ವಂತ ದೇಶದಲ್ಲಿ ಒಂದು ಪಂದ್ಯವನ್ನೂ ಆಡಲಾಗದೆ ಅಲ್ಲಿಯವರೆಗೆ ಬಂದವರು. ಅವರ ಮೇಲೆ ಬೇಜಾರಾಗಲೂ ಮನಸ್ಸು ಬರಲಿಲ್ಲ.

2025ರ ಜೂನ್ 5ರಂದು ಅಬುಧಾಬಿಯಲ್ಲಿ ಯುಎಇ ಜೊತೆ 0-0. ಒಂದು ಪಾಯಿಂಟ್ ಸಾಕಿತ್ತು, ಸಿಕ್ಕಿತು. ಗೋಲ್‌ಕೀಪರ್ ಉತ್ಕಿರ್ ಯೂಸುಪೋವ್ ಅವತ್ತು ತಡೆದ ಚೆಂಡುಗಳನ್ನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದ್ದೇನೆ. ಸೀಟಿ ಊದಿದಾಗ ಮನೆಯಲ್ಲಿ ಎಲ್ಲರೂ ಮಲಗಿದ್ದರು. ಹೆಂಡತಿಯನ್ನು ಎಬ್ಬಿಸಿ ಹೇಳಿದೆ. ಅವಳು ಎದ್ದು ಕೂತು ಪೂರ್ತಿ ಕೇಳಿಸಿಕೊಂಡಳು.

ಮಿಡ್‌ಫೀಲ್ಡ್_8:

ಮೇಲಿನವರು ಬರೆದದ್ದು ಓದಿ ಗಂಟಲು ಕಟ್ಟಿತು. ಆದರೆ ಅರ್ಹತಾ ಸುತ್ತಿನಲ್ಲಿ ಈಗಲೂ ಅಷ್ಟೇ ರೋಚಕತೆ ಇದೆ ಅನ್ನುವುದನ್ನು ಒಪ್ಪುವುದು ಕಷ್ಟ. ಈಗ ವಿಶ್ವಕಪ್‌ಗೆ 48 ತಂಡ. ಏಷ್ಯಾಕ್ಕೆ ಎಂಟು ನೇರ ಸೀಟು. ದಕ್ಷಿಣ ಅಮೆರಿಕದಲ್ಲಿ ಇರುವುದೇ ಹತ್ತು ತಂಡ. ಅದರಲ್ಲಿ ಆರು ನೇರ, ಏಳನೆಯದಕ್ಕೂ ಪ್ಲೇಆಫ್. ಬ್ರೆಜಿಲ್ 18ರಲ್ಲಿ ಆರು ಪಂದ್ಯ ಸೋತು, 28 ಪಾಯಿಂಟ್‌ನಲ್ಲಿ ಐದನೆಯದಾಗಿ, ಆರಾಮಾಗಿ ಹೋಯಿತು. ಹಿಂದೆ ಐದನೆಯವರು ಪ್ಲೇಆಫ್ ಆಡಬೇಕಿತ್ತು.

2017ರ ಅಕ್ಟೋಬರ್ 10 ನೆನಪಿದೆಯಾ? ಅರ್ಜೆಂಟೀನಾ ಆರನೆಯ ಸ್ಥಾನದಲ್ಲಿತ್ತು. ಕ್ವಿಟೋದಲ್ಲಿ ಆಟ ಶುರುವಾದ ಮೊದಲ ನಿಮಿಷಕ್ಕೇ ಈಕ್ವೆಡಾರ್ ಗೋಲು. ಆಮೇಲೆ ಮೆಸ್ಸಿ ಮೂರು ಹೊಡೆದ. ಆ ರಾತ್ರಿಯೇ ಚಿಲಿ ಹೊರಗೆ ಬಿತ್ತು. ಅದೇ ದಿನ ಅಮೆರಿಕ ಟ್ರಿನಿಡಾಡ್‌ಗೆ 1-2 ಸೋತು ಹೊರಗಾಯಿತು, ಪನಾಮ ಮೊದಲ ಸಲ ಒಳಗೆ ಬಂತು, ಮರುದಿನ ಅಲ್ಲಿ ರಜೆ ಘೋಷಿಸಿದರು. ಸೀಟು ಜಾಸ್ತಿ ಮಾಡಿದರೆ ಅಂಥ ರಾತ್ರಿಗಳು ಕಡಿಮೆಯಾಗುತ್ತವೆ. ನನಗೆ ಅದೇ ಸಂಕಟ.

ಹಳೇ_ಸ್ಕೋರ್‌ಶೀಟ್:

ನೀವು ಹೇಳುವುದು ಮೇಲಿನ ಸಾಲಿನ ತಂಡಗಳಿಗೆ ಸರಿ. ಬ್ರೆಜಿಲ್‌ಗೆ ಈಗ ಭಯ ಕಡಿಮೆ. ಆದರೆ ಭಯ ಎಲ್ಲಿಗೂ ಹೋಗಿಲ್ಲ, ಪಟ್ಟಿಯಲ್ಲಿ ಕೆಳಗೆ ಇಳಿದಿದೆ ಅಷ್ಟೆ.

2025ರ ಸೆಪ್ಟೆಂಬರ್ 9ರ ಕೊನೆಯ ಸುತ್ತು ನೋಡಿ. ಏಳನೆಯ ಜಾಗಕ್ಕೆ ವೆನೆಜುವೆಲಾ ಮತ್ತು ಬೊಲಿವಿಯಾ. ದಕ್ಷಿಣ ಅಮೆರಿಕದ ಹತ್ತರಲ್ಲಿ ವಿಶ್ವಕಪ್ ಆಡದ ಒಂದೇ ತಂಡ ವೆನೆಜುವೆಲಾ. ಅವರು ಸ್ವಂತ ನೆಲದಲ್ಲಿ ಕೊಲಂಬಿಯಾ ಎದುರು ಮುಂದಿದ್ದರು. ಕೊನೆಗೆ 3-6 ಸೋತರು. ಅತ್ತ ಎಲ್ ಆಲ್ಟೋದಲ್ಲಿ, ಸಮುದ್ರಮಟ್ಟದಿಂದ ನಾಲ್ಕು ಸಾವಿರ ಮೀಟರ್‌ಗಿಂತ ಮೇಲೆ, ಬೊಲಿವಿಯಾ ಒಂದು ಪೆನಾಲ್ಟಿ ಗೋಲಿನಲ್ಲಿ ಬ್ರೆಜಿಲ್‌ನ ಸೋಲಿಸಿತು. ತಮ್ಮ ಪಂದ್ಯ ಮುಗಿದ ಮೇಲೂ ಬೊಲಿವಿಯಾದ ಜನ ವೆನೆಜುವೆಲಾ ಪಂದ್ಯಕ್ಕೆ ಕಾದು ಕುಳಿತಿದ್ದರು. ಇದು ಎರಡು ದೇಶಗಳ ಪಾಲಿಗೆ ನಿಮ್ಮ 2017ರ ರಾತ್ರಿಯೇ, ಅಲ್ವಾ? ಹಿಂದೆ ಈ ಹೊತ್ತಿಗೆ ಇಬ್ಬರೂ ಎಂದೋ ಹೊರಗೆ ಬಿದ್ದಿರುತ್ತಿದ್ದರು.

ಇನ್ನು ಉಜ್ಬೇಕಿಸ್ತಾನ ಗುಂಪಿನಲ್ಲಿ ಇರಾನ್ ಹಿಂದೆ ಎರಡನೆಯದಾಗಿ, 21 ಪಾಯಿಂಟ್ ಗಳಿಸಿ ಬಂದಿದೆ. ಯಾರೂ ಬಿಟ್ಟುಕೊಟ್ಟ ಸೀಟಲ್ಲ.

ಒಂದನೇ_ನಂಬರ್:

ಮಗ ಪಟ್ಟಿ ಬರೆಯುತ್ತಾನೆ ಅಂದಿರಿ, ಅವನಿಗೆ ಎರಡು ಸ್ಕೋರ್ ಕೊಡುತ್ತೇನೆ. ನಾನು ಹದಿನೈದು ವರ್ಷ ಗೋಲ್‌ಕೀಪರ್ ಆಗಿ ಆಡಿದವನು. ಅದಕ್ಕೇ ಈ ಎರಡು ನನಗೆ ಮರೆಯುವುದಿಲ್ಲ.

2001ರ ಏಪ್ರಿಲ್ 11. ಆಸ್ಟ್ರೇಲಿಯಾ 31, ಅಮೆರಿಕನ್ ಸಮೋವಾ 0. ಆರ್ಚಿ ಥಾಂಪ್ಸನ್ ಒಬ್ಬನೇ 13. ಎಲ್ಲರೂ ಈ ಸಂಖ್ಯೆ ನೋಡಿ ನಗುತ್ತಾರೆ. ಪಾಸ್‌ಪೋರ್ಟ್ ತೊಂದರೆಯಿಂದ ಅಮೆರಿಕನ್ ಸಮೋವಾದ ಮೊದಲ ತಂಡವೇ ಬರಲು ಆಗಿರಲಿಲ್ಲ, ಹದಿಹರೆಯದ ಹುಡುಗರನ್ನು ಕಟ್ಟಿಕೊಂಡು ಆಡಿದರು. ಗೋಲಿನಲ್ಲಿ ನಿಂತಿದ್ದವನು ನಿಕಿ ಸಲಾಪು. 31 ಸಲ ಬಲೆಯಿಂದ ಚೆಂಡು ತೆಗೆದುಕೊಡುವುದು ಅಂದರೆ ಏನು ಅಂತ ಕೈಗವಸು ಹಾಕಿದವರಿಗೆ ಗೊತ್ತು. ಅವನು ಆಟ ಬಿಡಲಿಲ್ಲ. 2011ರ ನವೆಂಬರ್‌ನಲ್ಲಿ, ಮತ್ತೊಂದು ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ, ಟೊಂಗಾ ವಿರುದ್ಧ 2-1. ಫಿಫಾ ಮಾನ್ಯ ಪಂದ್ಯದಲ್ಲಿ ಅಮೆರಿಕನ್ ಸಮೋವಾಗೆ ಮೊದಲ ಗೆಲುವು. ಗೋಲಿನಲ್ಲಿ ಅದೇ ಸಲಾಪು. ಎರಡನ್ನೂ ಒಂದೇ ಪುಟದಲ್ಲಿ ಬರೆಯಲು ಹೇಳಿ.

ಪಾಯಿಂಟ್ ಸಮ ಆದಾಗ ಎಂದು ಕೇಳಿದ್ದಿರಿ. 2009ರಲ್ಲಿ ಈಜಿಪ್ಟ್, ಅಲ್ಜೀರಿಯಾ ಇಬ್ಬರೂ ಎಲ್ಲದರಲ್ಲೂ ಸಮ ಬಂದರು. ಪಾಯಿಂಟ್, ಗೋಲು ಅಂತರ, ಹೊಡೆದ ಗೋಲು, ಮುಖಾಮುಖಿ ಕೂಡ ಒಟ್ಟು 3-3. ಕೈರೋದಲ್ಲಿ ಈಜಿಪ್ಟ್ 95ನೇ ನಿಮಿಷದಲ್ಲಿ ಎರಡನೆಯ ಗೋಲು ಹೊಡೆದದ್ದರಿಂದ ಹಾಗಾಯಿತು. ನಾಲ್ಕು ದಿನ ಬಿಟ್ಟು ಸುಡಾನ್‌ನಲ್ಲಿ ಇನ್ನೊಂದು ಪಂದ್ಯ ಆಡಿಸಿದರು. ಅಲ್ಜೀರಿಯಾ 1-0.

ನೋಟ್‌ಬುಕ್_ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವನ್ನೆಲ್ಲ ಮಗನಿಗೆ ಜೋರಾಗಿ ಓದಿ ಹೇಳಿದೆ. ನಾರ್ವೆ ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಯೂರೋ ಪುಟದ ಎದುರಿನ ಪುಟದಲ್ಲಿ ನೇಷನ್ಸ್ ಲೀಗ್ ಪಟ್ಟಿ ಬರೆದು, ಸರ್ಬಿಯಾ ಪಂದ್ಯದ ಸುತ್ತ ಪೆನ್ಸಿಲ್‌ನಲ್ಲಿ ವೃತ್ತ ಹಾಕಿದ. "ತಪ್ಪಲ್ಲ, ಆದ್ರೂ ಪಾಪ" ಅಂದ.

ಸಲಾಪು ಕಥೆಯನ್ನು ಎರಡು ಸಲ ಓದಿಸಿದ. 31-0 ಮತ್ತು 2-1 ಈಗ ಒಂದೇ ಪುಟದಲ್ಲಿವೆ.

ಒಂದು ತಂಡ ಆರಿಸಿಕೊ ಅಂದೆ. ನಾನು ಕುರಸಾವೊ ಅನ್ನುತ್ತಾನೆ ಅಂದುಕೊಂಡಿದ್ದೆ. "ಅವರು ಆಗಲೇ ಹೋದರಲ್ಲಮ್ಮ" ಅಂದು ವೆನೆಜುವೆಲಾ ಆರಿಸಿಕೊಂಡ. ಮುಂದಿನ ಅರ್ಹತಾ ಸುತ್ತಿಗೆ ಎಷ್ಟು ಪುಟ ಬೇಕು ಎಂದು ಈಗಲೇ ಎಣಿಸುತ್ತಿದ್ದಾನೆ. ಈ ಸಲದ ಹಾಗೇ ಇದ್ದರೆ 18 ಪಂದ್ಯ, ಹತ್ತು ತಂಡ. ಅಲ್ಲಿಯವರೆಗೆ 2026ರ ಮಾರ್ಚ್‌ನಲ್ಲಿ ಬೊಲಿವಿಯಾ–ಸುರಿನಾಮ್ ಪ್ಲೇಆಫ್ ಇದೆಯಂತೆ. ಅದಕ್ಕೆ ಅಲಾರಾಂ ನಾನೇ ಇಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.