ಪದಚರ್ಚೆ: ಆಲ್ಫಾ ಸೆಂಟಾರಿ ಅವಳಿಯೋ, ತ್ರಿವಳಿಯೋ?

ಎಲ್ಲರಿಗೂ ನಮಸ್ಕಾರ. ಸೌರಮಂಡಲದ ಅಕ್ಕಪಕ್ಕದ ನಕ್ಷತ್ರಗಳ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಒಂದು ಲೇಖನ ಬರೆಯುತ್ತಿದ್ದೇನೆ. ಶುರುವಿನಲ್ಲೇ ಒಂದು ಪದಕ್ಕೆ ತಡಕಾಡುವ ಹಾಗಾಗಿದೆ.

ಆಲ್ಫಾ ಸೆಂಟಾರಿ ಬರಿಗಣ್ಣಿಗೆ ಒಂದೇ ಚುಕ್ಕಿ. ಮೇ ತಿಂಗಳ ರಾತ್ರಿ ಬೆಂಗಳೂರಿನಿಂದಲೂ ಕಾಣುತ್ತದೆ, ಆದರೆ ದಕ್ಷಿಣದಲ್ಲಿ ತೀರಾ ಕೆಳಗೆ, ಸುಮಾರು 16 ಡಿಗ್ರಿಗಿಂತ ಮೇಲೇರುವುದಿಲ್ಲ, ಎದುರಿಗೆ ಒಂದು ಮನೆಯೋ ಮರವೋ ಇದ್ದರೆ ಮುಗೀತು. ಟೆಲಿಸ್ಕೋಪಿನಲ್ಲಿ ನೋಡಿದರೆ ಅದು ಎರಡು ನಕ್ಷತ್ರ. ಒಂದರ ತೂಕ ಸೂರ್ಯನಿಗಿಂತ ಸ್ವಲ್ಪ ಜಾಸ್ತಿ, ಇನ್ನೊಂದರದು ಸ್ವಲ್ಪ ಕಮ್ಮಿ. ಸುಮಾರು 80 ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಇವನ್ನು ‘ಅವಳಿ ನಕ್ಷತ್ರ’ ಅನ್ನಲು ನನಗೆ ಏನೂ ತಕರಾರಿಲ್ಲ. ಪುಸ್ತಕಗಳಲ್ಲಿ ‘ಯಮಳ ನಕ್ಷತ್ರ’ ಅಂತಲೂ ಇದೆ, ಆದರೆ ಮಕ್ಕಳು ಆ ಪದ ಬೇರೆಲ್ಲೂ ಕೇಳಿರುವುದಿಲ್ಲ ಅಲ್ವಾ.

ತೊಡಕು ಇರುವುದು ಮೂರನೆಯದರಲ್ಲಿ. ಪ್ರಾಕ್ಸಿಮಾ ಸೆಂಟಾರಿಯನ್ನು 1915ರಲ್ಲಿ ಜೊಹಾನ್ಸ್‌ಬರ್ಗ್‌ನಿಂದ ರಾಬರ್ಟ್ ಇನ್ಸ್ ಕಂಡುಹಿಡಿದರು. ನಮ್ಮಿಂದ 4.24 ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ). ಸೂರ್ಯನನ್ನು ಬಿಟ್ಟರೆ ಇದೇ ಎಲ್ಲಕ್ಕಿಂತ ಹತ್ತಿರ, ಆದರೂ ಬರಿಗಣ್ಣಿಗೆ ಕಾಣುವುದೇ ಇಲ್ಲ. ತೂಕ ಸೂರ್ಯನ ಎಂಟನೇ ಒಂದು ಭಾಗದಷ್ಟು. ಆಕಾಶದಲ್ಲಿ ಆ ಜೋಡಿಯಿಂದ ನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಆಚೆ ಇದೆ, ಅವುಗಳ ಸುತ್ತ ಒಂದು ಸುತ್ತು ಬರಲು ಅದಕ್ಕೆ ಸುಮಾರು ಐದೂವರೆ ಲಕ್ಷ ವರ್ಷ ಬೇಕು. ಈ ಮೂರನ್ನೂ ಸೇರಿಸಿ ‘ತ್ರಿವಳಿ ನಕ್ಷತ್ರ’ ಅಂದರೆ ಮಕ್ಕಳ ತಲೆಯಲ್ಲಿ ಒಂದೇ ಅಳತೆಯ, ಒತ್ತಾಗಿರುವ ಮೂರು ಚುಕ್ಕಿ ಬಂದು ಕೂರುತ್ತವೆ. ನನಗಂತೂ ಅದು ಒಪ್ಪಿಗೆಯಾಗುತ್ತಿಲ್ಲ. ‘ಅವಳಿ ಮತ್ತು ಅದರ ದೂರದ ಸಂಗಾತಿ’ ಅನ್ನೋಣ ಅಂತಿದ್ದೇನೆ. ಉದ್ದವಾಯಿತು, ನಿಜ, ಆದರೆ ಇರುವುದನ್ನು ಇರುವ ಹಾಗೆ ಹೇಳುತ್ತದೆ.

ಹಾಗಂತ ‘ಅವಳಿ’ ಎಲ್ಲ ಕಡೆ ಹೊಂದುವುದೂ ಇಲ್ಲ. ಲುಬ್ಧಕವನ್ನೇ (ಸಿರಿಯಸ್) ನೋಡಿ, 8.6 ಜ್ಯೋತಿರ್ವರ್ಷ ದೂರ. ದೊಡ್ಡದು ಸೂರ್ಯನ ಎರಡರಷ್ಟು ತೂಕದ್ದು, ಕಣ್ಣು ಕೋರೈಸುವಂಥದ್ದು. ಅದರ ಜತೆಗಿರುವ ಶ್ವೇತ ಕುಬ್ಜ, ಅಂದರೆ ಉರಿದು ಮುಗಿದ ನಕ್ಷತ್ರದ ಕುಗ್ಗಿದ ತಿರುಳು, ಸೂರ್ಯನಷ್ಟೇ ತೂಗುತ್ತದೆ, ಗಾತ್ರ ಮಾತ್ರ ಭೂಮಿಯಷ್ಟು! ಇವನ್ನು ಅವಳಿ ಅನ್ನಲು ಬಾಯಿ ಬರುವುದಿಲ್ಲ. ‘ಜೋಡಿ ನಕ್ಷತ್ರ’ ಅಂದರೆ ಆದೀತೇನೋ. ಆದರೆ ಒಂದನ್ನೊಂದು ಸುತ್ತದೆ ಸುಮ್ನೆ ಪಕ್ಕಪಕ್ಕ ಕಾಣುವ ನಕ್ಷತ್ರಗಳಿಗೂ ನಾವು ಜೋಡಿ ಅಂತಲೇ ಅನ್ನುತ್ತೇವೆ. ಆ ವ್ಯತ್ಯಾಸವನ್ನು ಒಂದೇ ಪದದಲ್ಲಿ ಹೇಳಲು ಆಗುತ್ತದೆಯೇ?

ಇನ್ನೊಂದು ವಿಷಯ. ನಮ್ಮ ಕಡೆ ನಕ್ಷತ್ರ ಅಂದ ಕೂಡಲೇ ಜನ ಅಶ್ವಿನಿ, ಭರಣಿ ಎಂದು ಎಣಿಸಲು ಶುರುಮಾಡುತ್ತಾರೆ. ಆ 27ರಲ್ಲಿ ನಮಗೆ ಹತ್ತಿರದ್ದು ಶ್ರವಣ, ಸುಮಾರು 17 ಜ್ಯೋತಿರ್ವರ್ಷ. ಜ್ಯೇಷ್ಠಾ ಐನೂರಕ್ಕೂ ಆಚೆ. ಇದನ್ನು ಲೇಖನದಲ್ಲಿ ಖಂಡಿತ ಹಾಕುತ್ತೇನೆ. ಆದರೆ ಗೊಂದಲ ಆಗದಿರಲೆಂದು ಉಳಿದ ಕಡೆಯೆಲ್ಲ ‘ತಾರೆ’ ಅಂತ ಬರೆಯಲೇ? ಸಿನಿಮಾದವರನ್ನೂ ಹಾಗೆ ಕರೆಯುವುದರಿಂದ ಅದಕ್ಕೂ ಮನಸ್ಸು ಪೂರ್ತಿ ಒಪ್ಪುತ್ತಿಲ್ಲ.

ನಿಮ್ಮ ಊರ ಕಡೆ ಅಂಟಿಕೊಂಡಿರುವ ಎರಡು ಚುಕ್ಕಿಗೆ, ಮೂರು ಚುಕ್ಕಿಗೆ ಬೇರೆ ಹೆಸರೇನಾದರೂ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಹಿರಿಯರ ಬಾಯಲ್ಲಿ ಕೇಳಿದ್ದಾದರೆ ಇನ್ನೂ ಒಳ್ಳೆಯದು.