ರಾತ್ರಿ ಹೊತ್ತಿಗೆ ಕಸೂತಿ: ಯಾವುದರಿಂದ ಶುರು ಮಾಡಲಿ?

ಮೈಸೂರು ಮಲ್ಲಿಗೆ:
ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಬಂದಮೇಲೂ ತಲೆಯೊಳಗೆ ಆಫೀಸೇ ಓಡ್ತಿರುತ್ತೆ. ಟ್ರೇಸ್ ಮಾಡಿದ ಹೂವಿಗೆ ಚೈನ್ ಸ್ಟಿಚ್ ಹಾಕಿ ನೋಡಿದೆ. ಕೈ ಓಡುತ್ತೆ, ಯೋಚನೆಯೂ ಅದರ ಪಾಡಿಗೆ ಓಡುತ್ತೆ. ಧಾರವಾಡ ಕಡೆಯ ಕಸೂತಿ ಹಾಕೋರು ಯಾರಾದ್ರೂ ಇದ್ದರೆ ಹೇಳಿ, ಅದರಲ್ಲಿ ಮನಸ್ಸು ನಿಲ್ಲುತ್ತಾ? ಹೊಸಬರ ಕೈಗೆ ಹತ್ತುತ್ತಾ?

ಧಾರವಾಡದಾಕಿ:
ನಿಲ್ತದ್ರೀ. ಕಸೂತಿಗೆ ಬಟ್ಟಿ ಮ್ಯಾಲೆ ಚಿತ್ರ ಬರಕೊಳ್ಳೂದಿಲ್ಲ, ಎಳಿ ಎಣಿಸೇ ಹಾಕಬೇಕು. ಎಣಿಸೂ ಮುಂದ ಬ್ಯಾರೆ ವಿಚಾರಕ್ಕ ಜಾಗಾನ ಇರೂದಿಲ್ಲ.

ಗವಂತಿ ಅನ್ನೂ ಹೊಲಿಗಿಯಿಂದ ಸುರು ಮಾಡ್ರಿ. ಹೋಗೂ ಮುಂದ ಒಂದು ಹೊಲಿಗಿ ಹಾಕಿ, ಅಷ್ಟೇ ಜಾಗಾ ಬಿಟ್ಟು, ಮತ್ತೊಂದು. ತಿರುಗಿ ಬರೂ ಮುಂದ ಬಿಟ್ಟಿದ್ದನ್ನ ತುಂಬಕೋತ ಬರೂದು. ನನಗ ಭಾಳ ಸೇರೂದು ಈ ತಿರುಗಿ ಬರೂ ಹಾದೀನ. ಹೋಗೂ ಮುಂದ ಬರೇ ಬಿಡಿಬಿಡಿ ಗೆರಿ, ಏನಂತ ತಿಳಿಯೂದಿಲ್ಲ. ಬರತ ಬರತ ಒಂದಕ್ಕೊಂದು ಕೂಡಿ ತುಳಸಿಕಟ್ಟಿ ಎದ್ದು ನಿಲ್ತದ. ಗಂಟು ಹಾಕೂ ಹಂಗಿಲ್ಲ, ದಾರದ ತುದಿ ಹೊಲಿಗಿಯೊಳಗ ಸೇರಿಸಿಬಿಡೂದು. ಹಿಂದಿನ ಮಗ್ಗಲೂ ಮುಂದಿನಷ್ಟ ಚಂದ ಕಾಣಬೇಕು. ನಮ್ಮವ್ವ ಇಳಕಲ್ ಸೆರಗಿಗೆ ಆನಿ ಅಂಬಾರಿ ಹಾಕೂ ಮುಂದ ಮೊದಲ ಹಿಂದ ತಿರುವಿ ನೋಡ್ತಿದ್ಲು.

ಗವಂತಿ ಕೈಗೆ ಕುಂತ ಮ್ಯಾಲೆ ಮುರಗಿ, ಅಂದ್ರ ಅದ ಹೊಲಿಗಿನ ಮೆಟ್ಟಲದಂಗ ಹಾಕೂದು. ನೇಯ್ದಂಗ ಕಾಣೂ ನೇಗಿ, ಅಡ್ಡಡ್ಡ ದಾಟಿಸಿ ಹಾಕೂ ಮೆಂತಿ (ಕ್ರಾಸ್ ಸ್ಟಿಚ್) ಸಾವಕಾಶ ಕಲೀರಿ.

ಸೂಜಿದಾರ:
ಮೊದಲಿಗೆ ಸೀರೆ ಬೇಡ, ಮ್ಯಾಟಿ ಬಟ್ಟೆ ತಗೊಳ್ಳಿ, ಎಳೆ ಕಣ್ಣಿಗೆ ಚೆನ್ನಾಗಿ ಕಾಣುತ್ತೆ. ಮೊನೆ ಮೊಂಡಾದ ಸೂಜಿ ಇರಲಿ. ಆರೆಳೆ ದಾರದಲ್ಲಿ ಎರಡೆಳೆ ಬಿಡಿಸಿಕೊಂಡರೆ ಸಾಕು. ಮುಂದೆ ಎಳೆ ಎಣಿಸೋಕಾಗದ ನಯವಾದ ಸೀರೆಗೆ ಹಾಕೋದಾದರೆ, ಅದರ ಮೇಲೆ ಜಾಳು ಬಟ್ಟೆ ಇಟ್ಟು ಎರಡನ್ನೂ ಸೇರಿಸಿ ಹೊಲಿದು, ಆಮೇಲೆ ಆ ಬಟ್ಟೆಯ ಎಳೆಗಳನ್ನ ಒಂದೊಂದಾಗಿ ಎಳೆದು ತೆಗೀತಾರೆ. ಆ ಎಳೆ ತೆಗೆಯೋ ಕೆಲಸವೂ ನನಗೆ ತುಂಬಾ ಇಷ್ಟ.

ಮೈಸೂರು ಮಲ್ಲಿಗೆ:
ಇಬ್ಬರಿಗೂ ಥ್ಯಾಂಕ್ಸ್. ಎಣಿಕೆ ತಪ್ಪಿದರೆ ಏನು ಮಾಡೋದು?

ಧಾರವಾಡದಾಕಿ:
ಒಂದೆಳಿ ತಪ್ಪಿದ್ರೂ ತಿರುಗಿ ಬರೂ ಮುಂದ ಹಾದಿ ಕೂಡೂದಿಲ್ಲ, ಅಲ್ಲೇ ತಿಳೀತದ. ಅಷ್ಟು ಬಿಚ್ಚಿ ಮತ್ತ ಹಾಕ್ರಿ, ಅವಸರ ಮಾಡಬ್ಯಾಡ್ರಿ. ಇನ್ನ ರಾತ್ರಿ ಕುಂಡ್ರತೀನಿ ಅಂತೀರಲ್ಲ, ಕರೀ ಬಟ್ಟಿ ಮುಟ್ಟಬ್ಯಾಡ್ರಿ. ಚಂದ್ರಕಾಳಿ ಅನ್ನೂ ಕರೀ ಸೀರಿ ಮ್ಯಾಲಿನ ಕಸೂತಿ ಏನಿದ್ರೂ ಹಗಲಿನ ಕೆಲಸ. ಬಿಳೀ ಮ್ಯಾಟಿಗೆ ಕೆಂಪು ದಾರ ತೊಗೋರಿ, ಒಂದು ಸಾಲು ಮುಗದ ಮ್ಯಾಲೆ ಹಿಂದಿನ ಮಗ್ಗಲದ ಫೋಟೊ ಇಲ್ಲೇ ಹಾಕ್ರಿ, ನೋಡಿ ಹೇಳ್ತೀನಿ.